ವಿಲ್ಮಿಂಗ್ಟನ್: ದೊಂಬಿ ಎಂಬ ಹೆಸರು

ದೊಂಬಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು. ಯಾವುದೋ ಸಣ್ಣ ಕಾರಣಕ್ಕೆ ಬೀದಿಯಲ್ಲಿ ಜನ ಸೇರುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ, ಯಾರೋ ಕಲ್ಲೆಸೆಯುತ್ತಾರೆ, ಎರಡು ಪಕ್ಷಗಳಲ್ಲಿಯೂ ತಲೆಗಳು ಒಡೆಯುತ್ತವೆ. ಓದು ಬರಹ ಬಲ್ಲ ಸಭ್ಯರು ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಬೀದಿಗೆ ಇಳಿಯುವವರು ಹಿಂದುಮುಂದು ಅರಿಯದ ಜನ. ಹೊತ್ತು ಇಳಿದ ಹಾಗೆ ಅವರ ಆವೇಶವೂ ಇಳಿಯುತ್ತದೆ. ದೊಂಬಿಗೆ ತಂದೆತಾಯಿಗಳಿಲ್ಲ, ಅದು ತಾನಾಗಿ ಹುಟ್ಟಿ ತಾನಾಗಿ ಸಾಯುತ್ತದೆ ಎಂಬ ಭಾವನೆ ಆ ಪದದೊಳಗೇ ಅಡಗಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ನಾರ್ತ್ ಕೆರೊಲಿನ ರಾಜ್ಯದಲ್ಲಿ ವಿಲ್ಮಿಂಗ್ಟನ್ ಎಂಬ ಒಂದು ಬಂದರು ಪಟ್ಟಣವಿದೆ. ಅಲ್ಲಿ 1898ರ ನವೆಂಬರ್ 10ರಂದು ನಡೆದ ಸಂಗತಿಯನ್ನು ಸುಮಾರು ನೂರು ವರ್ಷಗಳ ಕಾಲ ಎಲ್ಲರೂ ‘ಜನಾಂಗ ದೊಂಬಿ’ ಎಂದೇ ಕರೆದರು. ನಾನು ಈಗ ವಿವರಿಸಿದ ಚಿತ್ರದ ಒಂದು ಗೆರೆಯೂ ಆ ದಿನಕ್ಕೆ ಹೊಂದುವುದಿಲ್ಲ. ಅಲ್ಲಿ ಬೀದಿಗಿಳಿದವರ ಮುಂದೆ ನಡೆದವರು ವಕೀಲರು, ವರ್ತಕರು, ಪತ್ರಿಕಾ ಸಂಪಾದಕರು, ಮಾಜಿ ಶಾಸನಕರ್ತರು. ಮೊದಲು ಬರೆಹ, ಬಳಿಕ ಸಭೆ, ಅನಂತರ ಸಹಿ, ಕಡೆಯಲ್ಲಿ ಗುಂಡು: ಹೀಗೆ ಕ್ರಮವಾಗಿ ಸಾಗಿದ ಕಾರ್ಯ ಅದು. ಅಮೆರಿಕದಲ್ಲಿ ಇಂಥ ಘಟನೆಗಳು ನಡೆದ ಊರುಗಳು ಒಂದೆರಡಲ್ಲ. 1866ರಲ್ಲಿ ಮೆಂಫಿಸ್, 1906ರಲ್ಲಿ ಅಟ್ಲಾಂಟ, 1919ರಲ್ಲಿ ಷಿಕಾಗೊ, 1921ರಲ್ಲಿ ಟಲ್ಸ. ಅವುಗಳ ನಡುವೆ ವಿಲ್ಮಿಂಗ್ಟನ್ನನ್ನೇ ನಾನು ಆರಿಸಿಕೊಂಡಿರುವುದಕ್ಕೆ ಕಾರಣ, ಅದರ ಆದ್ಯಂತದಲ್ಲಿಯೂ ಅಕ್ಷರಸ್ಥರ ಕೈವಾಡವಿದೆ ಎಂಬುದು. ಜೀವಮಾನವನ್ನೆಲ್ಲ ಪುಸ್ತಕಗಳ ನಡುವೆ ಕಳೆದ ನನ್ನಂಥ ಮೇಷ್ಟರಿಗೆ ಅದು ಸುಲಭವಾಗಿ ಮರೆತುಬಿಡುವ ವಿಷಯವಲ್ಲ.

ಕೇಪ್ ಫಿಯರ್ ಎಂಬ ನದಿಯ ದಂಡೆಯ ಮೇಲಿರುವ ಈ ಪಟ್ಟಣ ಆ ಕಾಲದಲ್ಲಿ ಆ ರಾಜ್ಯದ ಅತ್ಯಂತ ದೊಡ್ಡ ನಗರವಾಗಿತ್ತು. ದೊಡ್ಡದೆಂದರೆ ಜನಸಂಖ್ಯೆ ಇಪ್ಪತ್ತು ಸಾವಿರದಷ್ಟು. ಹತ್ತಿ, ಮರದ ದಿಮ್ಮಿ, ಪೈನ್ ಮರದಿಂದ ಇಳಿಸಿದ ಟರ್ಪೆಂಟೈನ್ ಮತ್ತು ಡಾಂಬರು ಇಲ್ಲಿಂದ ಹಡಗು ಹತ್ತುತ್ತಿದ್ದವು. 1890ರ ಜನಗಣತಿಯ ಪ್ರಕಾರ ಅಲ್ಲಿನ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರಿಯರು. ಗುಲಾಮಗಿರಿ 1865ರಲ್ಲಿ ರದ್ದಾಗಿ, 1870ರಲ್ಲಿ ಮತದಾನದ ಹಕ್ಕು ಸಂವಿಧಾನದಲ್ಲಿ ಸೇರಿದ ಮೇಲೆ ಒಂದು ತಲೆಮಾರು ಕಳೆದಿತ್ತು. ವಿಲ್ಮಿಂಗ್ಟನ್ನಿನ ಕರಿಯರಲ್ಲಿ ಬಂದರಿನ ಹಮಾಲರಿದ್ದಂತೆ ಬಡಗಿಗಳು, ಗಾರೆ ಕೆಲಸದವರು, ಕ್ಷೌರಿಕರು, ಹೋಟೆಲು ನಡೆಸುವವರು, ವಕೀಲರು, ಉಪಾಧ್ಯಾಯರು ಇದ್ದರು. ಸುಂಕದ ಕಟ್ಟೆಯ ಅಧಿಕಾರಿ ಜಾನ್ ಡ್ಯಾನ್ಸಿ ಕರಿಯ. ಆತನ ಸಂಬಳ ರಾಜ್ಯದ ಗವರ್ನರರ ಸಂಬಳಕ್ಕಿಂತ ಹೆಚ್ಚಾಗಿತ್ತು. ಥಾಮಸ್ ಮಿಲ್ಲರ್ ಎಂಬ ಕರಿಯ ವರ್ತಕ ಬಿಳಿಯರಿಗೂ ಸಾಲ ಕೊಡುವಷ್ಟು ಅನುಕೂಲಸ್ಥ. ಈ ಕೊನೆಯ ಎರಡು ಸಂಗತಿಗಳನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕೆಲವರ ಕಣ್ಣಿಗೆ ಇವು ಬಹಳ ನೋಯುತ್ತಿದ್ದವು.

ಆ ದಿನಗಳ ರಾಜಕೀಯವನ್ನು ಚುಟುಕಾಗಿ ಹೇಳಿ ಮುಂದುವರಿಯುತ್ತೇನೆ. ಇಂದು ನಮಗೆ ಪರಿಚಿತವಾದ ಪಕ್ಷಗಳ ಹೆಸರುಗಳೇ ಅಲ್ಲಿವೆ. ಆದರೆ ಅವು ನಿಂತಿದ್ದ ಸ್ಥಾನಗಳು ಅದಲುಬದಲು. ಲಿಂಕನ್ನನ ರಿಪಬ್ಲಿಕನ್ ಪಕ್ಷದ ಕಡೆ ಕರಿಯರಿದ್ದರು. ದಕ್ಷಿಣದ ಹಳೆಯ ಜಮೀನ್ದಾರರ ಪಕ್ಷ ಡೆಮಾಕ್ರಟಿಕ್. ಹತ್ತಿಯ ಬೆಲೆ ಕುಸಿದು ಬಡವಾದ ಬಿಳಿಯ ರೈತರು ಪಾಪ್ಯುಲಿಸ್ಟರು ಎಂಬ ಹೆಸರಿನಲ್ಲಿ ಬೇರೆಯಾಗಿ, ರಿಪಬ್ಲಿಕನ್ನರೊಡನೆ ಕೂಡಿಕೊಂಡರು. ಈ ಕೂಟ 1894ರಲ್ಲಿ ರಾಜ್ಯದ ಶಾಸನಸಭೆಯನ್ನು ಗೆದ್ದಿತು. 1896ರಲ್ಲಿ ಡೇನಿಯಲ್ ರಸೆಲ್ ಎಂಬ ರಿಪಬ್ಲಿಕನ್ ಗವರ್ನರನಾದನು. ಬಡ ಬಿಳಿಯರೂ ಕರಿಯರೂ ಒಂದೇ ಮತಪೆಟ್ಟಿಗೆಯ ಮುಂದೆ ಒಂದಾಗಿ ನಿಂತದ್ದು ದಕ್ಷಿಣದಲ್ಲಿ ಬಹು ಅಪರೂಪದ ದೃಶ್ಯ. ಈ ಮೈತ್ರಿಯನ್ನು ಒಡೆಯದೆ ತಮಗೆ ಉಳಿವಿಲ್ಲವೆಂದು ಡೆಮಾಕ್ರಟ್ ಮುಖಂಡರಿಗೆ ಸ್ಪಷ್ಟವಾಯಿತು. ಒಡೆಯುವುದಕ್ಕೆ ಅವರ ಬಳಿ ಇದ್ದ ಉಳಿ ಒಂದೇ, ಮೈಬಣ್ಣ.

ಪಕ್ಷದ ಅಧ್ಯಕ್ಷ ಫರ್ನಿಫೋಲ್ಡ್ ಸಿಮನ್ಸ್ 1898ರ ಚುನಾವಣೆಗೆ ಸಿದ್ಧನಾದಾಗ ತನಗೆ ಮೂರು ತರದ ಜನ ಬೇಕೆಂದನಂತೆ: ಬರೆಯಬಲ್ಲವರು, ಭಾಷಣ ಮಾಡಬಲ್ಲವರು, ಕುದುರೆಯೇರಿ ಬೆದರಿಸಬಲ್ಲವರು. ಬರೆಯಬಲ್ಲವರು ಮೊದಲು ಬಂದರು ಎಂಬುದು ಗಮನಾರ್ಹ. ರಾಜಧಾನಿಯಾದ ರಾಲಿಯಲ್ಲಿ ‘ನ್ಯೂಸ್ ಅಂಡ್ ಅಬ್ಸರ್ವರ್’ ಎಂಬ ಪತ್ರಿಕೆ ನಡೆಸುತ್ತಿದ್ದ ಜೋಸೆಫಸ್ ಡೇನಿಯಲ್ಸ್ ಆ ಪ್ರಚಾರದ ಸೇನಾಪತಿಯಾದನು. ಕರಿಯರ ಆಳ್ವಿಕೆಯಿಂದ ರಾಜ್ಯ ಹಾಳಾಗುತ್ತಿದೆ, ಬಿಳಿಯ ಸ್ತ್ರೀಯರಿಗೆ ಮಾನದ ರಕ್ಷಣೆಯಿಲ್ಲ ಎಂಬ ಸುದ್ದಿಗಳು ದಿನವೂ ಅಚ್ಚಾದವು. ಓದಲು ಬಾರದವರಿಗಾಗಿ ನಾರ್ಮನ್ ಜೆನೆಟ್ ಎಂಬ ಯುವಕನಿಂದ ವ್ಯಂಗ್ಯಚಿತ್ರಗಳನ್ನು ಬರೆಸಿದರು. ಅವುಗಳಲ್ಲೊಂದರಲ್ಲಿ ಕರಿಯನು ರೆಕ್ಕೆ ಬಿಚ್ಚಿದ ರಕ್ತಪಿಶಾಚಿ. ಅವನ ಉಗುರುಗಳ ಕೆಳಗೆ ಬಿಳಿಯ ಹೆಂಗಸರು. ಆಳ್ವಿಕೆ ಎಂದರೆ ಏನು? ವಿಲ್ಮಿಂಗ್ಟನ್ನಿನ ಮೇಯರು ಸೈಲಾಸ್ ರೈಟ್ ಬಿಳಿಯ. ಪೋಲೀಸು ಮುಖ್ಯಸ್ಥ ಜಾನ್ ಮೆಲ್ಟನ್ ಬಿಳಿಯ. ನಗರಸಭೆಯಲ್ಲಿಯೂ ಬಿಳಿಯರೇ ಹೆಚ್ಚು. ಕರಿಯರು ಅಧಿಕಾರದಲ್ಲಿ ಪಾಲು ಪಡೆದಿದ್ದರು, ಅಷ್ಟೆ. ಇದೇ ಡೇನಿಯಲ್ಸ್ ಮುಂದೆ ಅಧ್ಯಕ್ಷ ವಿಲ್ಸನ್ನರ ಮಂತ್ರಿಮಂಡಲದಲ್ಲಿ ಎಂಟು ವರ್ಷ ನೌಕಾ ಕಾರ್ಯದರ್ಶಿಯಾಗಿದ್ದನು. ಮುಪ್ಪಿನಲ್ಲಿ ಆತ್ಮಕಥೆ ಬರೆಯುವಾಗ, ಬಂದ ಸುದ್ದಿಯನ್ನು ತನ್ನ ಪತ್ರಿಕೆ ಸರಿಯಾಗಿ ವಿಚಾರಿಸದೆ ಮುದ್ರಿಸುತ್ತಿತ್ತೆಂದು ಒಪ್ಪಿಕೊಂಡನು. ಒಪ್ಪಿಗೆಯ ಧ್ವನಿಯಲ್ಲಿ ಅಂಥ ಸಂಕಟವೇನೂ ಕಾಣುವುದಿಲ್ಲ.

ಇನ್ನು ವಿಲ್ಮಿಂಗ್ಟನ್ನಿನ ಇನ್ನೊಂದು ಪತ್ರಿಕೆಯ ವಿಷಯ. ‘ಡೈಲಿ ರೆಕಾರ್ಡ್’ ಎಂದು ಅದರ ಹೆಸರು. ದೇಶದಲ್ಲಿ ಕರಿಯರು ನಡೆಸುವ ಏಕೈಕ ದಿನಪತ್ರಿಕೆ ತಾನೆಂದು ಅದು ಹೇಳಿಕೊಳ್ಳುತ್ತಿತ್ತು. ಸಂಪಾದಕ ಅಲೆಕ್ಸಾಂಡರ್ ಮ್ಯಾನ್ಲಿ. ಆಗಿನ್ನೂ ಮೂವತ್ತರ ಆಸುಪಾಸಿನ ತರುಣ. ಅವನ ತಾತ ಆ ರಾಜ್ಯದ ಗವರ್ನರನಾಗಿದ್ದ ಬಿಳಿಯ ಚಾರ್ಲ್ಸ್ ಮ್ಯಾನ್ಲಿಯೆಂದೂ ಅಜ್ಜಿ ಅವನ ಗುಲಾಮಳೆಂದೂ ಮನೆತನದ ಹೇಳಿಕೆ. ನೋಡುವುದಕ್ಕೆ ಈತ ಬಿಳಿಯನಂತೆಯೇ ಇದ್ದನು. ಪತ್ರಿಕೆ ಅಚ್ಚಾಗುತ್ತಿದ್ದುದು ಹೋ ಕಂಪೆನಿಯ ಒಂದು ಹಳೆಯ ಯಂತ್ರದಲ್ಲಿ. ಆ ಯಂತ್ರವನ್ನು ಮ್ಯಾನ್ಲಿಗೆ ಮಾರಿದವನು ಅದೇ ಊರಿನ ಬಿಳಿಯರ ಪತ್ರಿಕೆ ‘ಮೆಸೆಂಜರ್’ನ ಸಂಪಾದಕ ಥಾಮಸ್ ಕ್ಲಾಸನ್. ಒಬ್ಬ ಸಂಪಾದಕ ಇನ್ನೊಬ್ಬ ಸಂಪಾದಕನಿಗೆ ಯಂತ್ರ ಮಾರುವಷ್ಟು ಸಾಮಾನ್ಯವಾದ ನೆರೆಹೊರೆಯ ವ್ಯವಹಾರ ಆ ಊರಿನಲ್ಲಿ ಇದ್ದಿತೆಂಬುದಕ್ಕೆ ಇದು ಸಾಕ್ಷಿ.

ಜಾರ್ಜಿಯದ ರೆಬೆಕ ಫೆಲ್ಟನ್ ಎಂಬ ಪ್ರಸಿದ್ಧ ಮಹಿಳೆ 1897ರಲ್ಲಿ ಒಂದು ಕೃಷಿಕರ ಸಭೆಯಲ್ಲಿ ಮಾತನಾಡಿ, ಹೊಲಗಳಲ್ಲಿ ಒಂಟಿಯಾಗಿರುವ ಬಿಳಿಯ ಹೆಂಗಸರ ರಕ್ಷಣೆಗೆ ಅಗತ್ಯವಾದರೆ ವಾರಕ್ಕೆ ಸಾವಿರ ಸಲ ಬೇಕಾದರೂ ಕರಿಯರನ್ನು ನೇಣಿಗೆ ಹಾಕಬೇಕೆಂದು ಕರೆ ಕೊಟ್ಟಿದ್ದಳು. ಈ ಭಾಷಣವನ್ನು ಒಂದು ವರ್ಷದ ಮೇಲೆ, ಚುನಾವಣೆಯ ಹೊಸ್ತಿಲಲ್ಲಿ, ವಿಲ್ಮಿಂಗ್ಟನ್ನಿನಲ್ಲಿ ಮತ್ತೆ ಅಚ್ಚು ಹಾಕಿದರು. ಮ್ಯಾನ್ಲಿಯ ಪತ್ರಿಕೆ 1898ರ ಆಗಸ್ಟ್ 18ರಂದು ಅದಕ್ಕೆ ಉತ್ತರ ಬರೆಯಿತು. ಉತ್ತರದ ಸಾರ ಇಷ್ಟು: ಬಲಾತ್ಕಾರವೆಂದು ಕೂಗೆಬ್ಬಿಸಿದ ಪ್ರಕರಣಗಳಲ್ಲಿ ಅನೇಕವು ಪರಸ್ಪರ ಒಲುಮೆಯಿಂದ ಆದವು, ಬಯಲಾದಾಗ ಮಾತ್ರ ಅವಕ್ಕೆ ಬೇರೆ ಹೆಸರು ಬೀಳುತ್ತದೆ, ಬಿಳಿಯ ಗಂಡಸರು ಕರಿಯ ಹೆಂಗಸರ ವಿಷಯದಲ್ಲಿ ತಲೆತಲಾಂತರದಿಂದ ನಡೆದುಕೊಂಡಿರುವ ರೀತಿಯನ್ನು ಮೊದಲು ತಿದ್ದಿಕೊಳ್ಳಲಿ. ಬಿಳಿಯ ಗವರ್ನರನ ಮೊಮ್ಮಗನಾದ ಕರಿಯನೊಬ್ಬನ ಪತ್ರಿಕೆ ಈ ಮಾತನ್ನು ಆಡಿದಾಗ ಅದಕ್ಕೆ ಪುರಾವೆ ಬೇರೆ ಬೇಕೆ? ಅವನ ಮುಖವೇ ಪುರಾವೆ. ಸಹಿಸಲಾಗದೆ ಹೋದದ್ದು ಆ ಮಾತಿನ ಸುಳ್ಳಲ್ಲವೆಂದು ನನ್ನ ಭಾವನೆ.

ಆ ಬರೆಹವನ್ನು ಕಂಡೊಡನೆ ರೊಚ್ಚಿಗೆದ್ದ ಜನ ಅಂದೇ ಪತ್ರಿಕಾಲಯವನ್ನು ಸುಡಬಹುದಾಗಿತ್ತು. ದೊಂಬಿಯ ಲಕ್ಷಣ ಹಾಗೆಯೇ ಅಲ್ಲವೆ? ಸುಡಲಿಲ್ಲ. ಮುಖಂಡರು ತಡೆದರು. ಸುಟ್ಟುಬಿಟ್ಟರೆ ಚುನಾವಣೆಯವರೆಗೆ ಬಿಸಿ ಉಳಿಯುವುದಿಲ್ಲ. ಬದಲಾಗಿ ಆ ಸಂಪಾದಕೀಯವನ್ನು ಎತ್ತಿಕೊಂಡು, ಡೆಮಾಕ್ರಟ್ ಪತ್ರಿಕೆಗಳು ಸುಮಾರು ಎಂಬತ್ತು ದಿನ, ಮತದಾನದ ತನಕ, ಮತ್ತೆ ಮತ್ತೆ ಮುದ್ರಿಸಿದವು. ಕಟ್ಟಡದ ಯಜಮಾನ ಮ್ಯಾನ್ಲಿಯನ್ನು ಹೊರಹಾಕಿದ್ದರಿಂದ ಪತ್ರಿಕೆ ಏಳನೆಯ ಬೀದಿಯ ‘ಲವ್ ಅಂಡ್ ಚಾರಿಟಿ ಹಾಲ್’ ಎಂಬ ಕಟ್ಟಡಕ್ಕೆ ಸ್ಥಳಾಂತರವಾಯಿತು. ಪ್ರೇಮ ಮತ್ತು ದಾನದ ಮಂದಿರ! ಕಾದಂಬರಿಕಾರ ಇಂಥ ಹೆಸರಿಟ್ಟಿದ್ದರೆ ವಿಮರ್ಶಕರು ಮೂಗು ಮುರಿಯುತ್ತಿದ್ದರು.

ಊರಿನಲ್ಲಿ ಸಿದ್ಧತೆ ನಡೆಯಿತು. ಒಂಬತ್ತು ಮಂದಿ ಪ್ರಮುಖರ ಒಂದು ಗುಪ್ತ ಕೂಟ ಏರ್ಪಟ್ಟು ಬೀದಿ ಬೀದಿಗೂ ಉಸ್ತುವಾರಿಯವರನ್ನು ಗೊತ್ತುಮಾಡಿತು. ವರ್ತಕರು ಚಂದಾ ಕೂಡಿಸಿ 1,200 ಡಾಲರಿಗೆ ಒಂದು ಯಾಂತ್ರಿಕ ಬಂದೂಕನ್ನು ತರಿಸಿದರು. ಕೆಂಪಂಗಿ ತೊಟ್ಟ ಸವಾರರು ಕರಿಯರ ಕೇರಿಗಳಲ್ಲಿ ಮೆರವಣಿಗೆ ಹೋದರು. ನಗರಸಭೆಯ ಕಚೇರಿಯೂ ನಾಟಕಶಾಲೆಯೂ ಅಲ್ಲಿ ಒಂದೇ ಕಟ್ಟಡದಲ್ಲಿದ್ದವು. ನಾಟಕಶಾಲೆಗೆ ಥೇಲಿಯನ್ ಹಾಲ್ ಎಂದು ಹೆಸರು. ಅಕ್ಟೋಬರ್ 24ರಂದು ಅದರ ರಂಗದ ಮೇಲೆ ನಿಂತು ಆಲ್‌ಫ್ರೆಡ್ ಮೂರ್ ವ್ಯಾಡೆಲ್ ಭಾಷಣ ಮಾಡಿದನು. ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆಯ ಅಧಿಕಾರಿಯಾಗಿದ್ದವನು, ಮಾಜಿ ಕಾಂಗ್ರೆಸ್ ಸದಸ್ಯ, ವಾಗ್ಮಿಯೆಂದು ಹೆಸರಾದವನು, ಆ ಹೊತ್ತಿಗೆ ಕೈಯಲ್ಲಿ ಅಧಿಕಾರವೂ ಇಲ್ಲ, ಹಣವೂ ಅಷ್ಟಕ್ಕಷ್ಟೆ. ಕೇಪ್ ಫಿಯರ್ ನದಿಯ ಹರಿವು ಹೆಣಗಳಿಂದ ಕಟ್ಟಿಹೋದರೂ ಸರಿಯೆ, ತಾವು ಶರಣಾಗುವುದಿಲ್ಲವೆಂದು ಅವನು ಸಾರಿದಾಗ ಸಭೆ ಎದ್ದು ಚಪ್ಪಾಳೆ ತಟ್ಟಿತು. ಚುನಾವಣೆಯ ಮುನ್ನಾದಿನ ಇನ್ನೂ ಬಿಚ್ಚಿ ಹೇಳಿದನು: ಮತಗಟ್ಟೆಯಲ್ಲಿ ಕರಿಯನನ್ನು ಕಂಡರೆ ಹೊರಟುಹೋಗೆನ್ನಿ, ಹೋಗದಿದ್ದರೆ ಕೊಂದುಹಾಕಿ.

ನವೆಂಬರ್ 8ರಂದು ಮತದಾನವಾಯಿತು. ಬೆದರಿಕೆಯಿಂದ, ಪೆಟ್ಟಿಗೆಯ ಮೋಸದಿಂದ ಡೆಮಾಕ್ರಟರು ಗೆದ್ದರು. ಗೆದ್ದ ಮೇಲೆ ಹಿಂಸೆಯ ಅಗತ್ಯವೇನಿತ್ತು? ಇಲ್ಲಿಯೇ ಈ ಕಥೆಯ ಗಂಟು ಇರುವುದು. ಅಂದಿನ ಚುನಾವಣೆ ರಾಜ್ಯ ಮತ್ತು ಜಿಲ್ಲೆಯ ಸ್ಥಾನಗಳಿಗೆ ಮಾತ್ರ. ನಗರಸಭೆಯ ಚುನಾವಣೆ ಇದ್ದುದು 1899ರ ಮಾರ್ಚ್‌ನಲ್ಲಿ. ಮೇಯರೂ ಸದಸ್ಯರೂ ಕಾನೂನಿನ ಪ್ರಕಾರ ಇನ್ನೂ ನಾಲ್ಕು ತಿಂಗಳು ಇರತಕ್ಕವರು. ಅಲ್ಲಿಯವರೆಗೆ ಕಾಯುವುದು ಅವರಿಗೆ ಬೇಡವಾಗಿತ್ತು.

ಮಾರನೆಯ ದಿನ, ನವೆಂಬರ್ 9ರಂದು, ನ್ಯಾಯಾಲಯದ ಕಟ್ಟಡದಲ್ಲಿ ಬಿಳಿಯರ ಸಭೆ ಸೇರಿತು. ವ್ಯಾಡೆಲ್ ಒಂದು ನಿರ್ಣಯವನ್ನು ಓದಿದನು. ‘ಬಿಳಿಯರ ಸ್ವಾತಂತ್ರ್ಯ ಘೋಷಣೆ’ ಎಂದು ಅದಕ್ಕೆ ಹೆಸರು ಬಂದಿದೆ. 1776ರ ಘೋಷಣೆಯ ಧಾಟಿಯನ್ನು ಅನುಸರಿಸಿದ ಬರೆಹ. ಆಫ್ರಿಕನ್ ಮೂಲದವರ ಆಳ್ವಿಕೆಗೆ ಇನ್ನೆಂದೂ ಒಳಪಡುವುದಿಲ್ಲ, ಕರಿಯರ ಕೈಯಲ್ಲಿರುವ ಉದ್ಯೋಗಗಳು ಬಿಳಿಯರಿಗೆ ಸಲ್ಲಬೇಕು, ಮ್ಯಾನ್ಲಿ 24 ಗಂಟೆಗಳೊಳಗೆ ಊರು ಬಿಡಬೇಕು, ಅವನ ಯಂತ್ರವನ್ನೂ ಸಾಗಿಸಬೇಕು. 457 ಮಂದಿ ಅದಕ್ಕೆ ಸಹಿ ಹಾಕಿದರು. ಕೊಲೆಯ ಮುನ್ನಾದಿನ ತಮ್ಮ ಹೆಸರುಗಳನ್ನು ಪಟ್ಟಿ ಮಾಡಿ ಒಪ್ಪ ಹಾಕಿಕೊಡುವ ದೊಂಬಿಕಾರರನ್ನು ಲೋಕದ ಚರಿತ್ರೆಯಲ್ಲಿ ಬೇರೆಲ್ಲಿ ಕಾಣಬಹುದೋ ನಾನರಿಯೆ.

ಅದೇ ಸಂಜೆ ಊರಿನ ಕರಿಯ ಮುಖಂಡರು ಮೂವತ್ತೆರಡು ಮಂದಿಯನ್ನು ಕರೆಸಿದರು. ವಕೀಲರು, ಪಾದ್ರಿಗಳು, ವ್ಯಾಪಾರಿಗಳು. ಚರ್ಚೆಗೆ ಅವಕಾಶವಿಲ್ಲ. ಬೆಳಗಿನ ಏಳೂವರೆಯೊಳಗೆ ವ್ಯಾಡೆಲನ ಮನೆಗೆ ಲಿಖಿತ ಉತ್ತರ ತಲುಪಬೇಕು. ಅವರು ಒಂದು ಕ್ಷೌರದ ಅಂಗಡಿಯಲ್ಲಿ ಕುಳಿತು ಉತ್ತರ ಬರೆದರು. ಬಹಳ ವಿನಯದ ಪತ್ರ: ಆ ಸಂಪಾದಕೀಯಕ್ಕೆ ತಾವು ಹೊಣೆಗಾರರಲ್ಲ, ಶಾಂತಿಯ ಸಲುವಾಗಿ ತಮ್ಮ ಪ್ರಭಾವವನ್ನು ಬಳಸಿ ನಿಮ್ಮ ಇಚ್ಛೆ ನೆರವೇರುವಂತೆ ನೋಡಿಕೊಳ್ಳುತ್ತೇವೆ. ಅದನ್ನು ತಲುಪಿಸುವ ಕೆಲಸ ಆರ್ಮಂಡ್ ಸ್ಕಾಟ್ ಎಂಬ ತರುಣ ವಕೀಲನದು. ರಾತ್ರಿ, ಬೀದಿ ಬೀದಿಯಲ್ಲಿ ಬಂದೂಕು ಹಿಡಿದ ಬಿಳಿಯರ ಕಾವಲು. ಕರಿಯನೊಬ್ಬ ಬಿಳಿಯರ ಕೇರಿಯಲ್ಲಿ ನಡೆದು ವ್ಯಾಡೆಲನ ಬಾಗಿಲು ತಟ್ಟುವುದೆಂದರೆ ಪ್ರಾಣವನ್ನು ಪಣವಿಟ್ಟಂತೆ. ಆತನು ಪತ್ರವನ್ನು ಅಂಚೆಗೆ ಹಾಕಿದನು. ಬೆಳಗಿನ ಗಡುವಿನೊಳಗೆ ಅದು ತಲುಪಲಿಲ್ಲ. ತಲುಪಿದ್ದರೆ ಮುಂದಿನದು ತಪ್ಪುತ್ತಿತ್ತೆಂದು ಕೆಲವರು ಬರೆದಿದ್ದಾರೆ, ನನಗೆ ನಂಬಿಕೆಯಿಲ್ಲ. ಉತ್ತರದಲ್ಲಿ ಏನಿರಬಹುದೆಂದು ಅದನ್ನು ಕೇಳಿದವರಿಗೆ ತಿಳಿದಿತ್ತು. ಅವರಿಗೆ ಬೇಕಾಗಿದ್ದುದು ಉತ್ತರವಲ್ಲ, ಗಡುವು. ಆರ್ಮಂಡ್ ಸ್ಕಾಟ್ ಆ ಊರನ್ನು ಬಿಟ್ಟು ವಾಷಿಂಗ್ಟನ್ ಸೇರಿ, ಎಷ್ಟೋ ವರ್ಷಗಳ ಮೇಲೆ ಅಲ್ಲಿ ನ್ಯಾಯಾಧೀಶನಾದನು.

ನವೆಂಬರ್ 10ರ ಬೆಳಿಗ್ಗೆ ಎಂಟರ ಹೊತ್ತಿಗೆ ಮಾರ್ಕೆಟ್ ಬೀದಿಯ ಶಸ್ತ್ರಾಗಾರದ ಮುಂದೆ ಸೇರಿದ ಜನರನ್ನು ಸಾಲಾಗಿ ನಿಲ್ಲಿಸಿಕೊಂಡು ವ್ಯಾಡೆಲ್ ಹೊರಟನು. ಹೋಗುತ್ತ ಹೋಗುತ್ತ ಗುಂಪು ಬೆಳೆದು ಎರಡು ಸಾವಿರದಷ್ಟಾಯಿತೆಂದು ಹೇಳುತ್ತಾರೆ. ಪ್ರೇಮ ಮತ್ತು ದಾನದ ಮಂದಿರದ ಬಾಗಿಲು ಮುರಿದರು, ಯಂತ್ರವನ್ನು ಒಡೆದರು, ಬೆಂಕಿ ಹಚ್ಚಿದರು. ಮ್ಯಾನ್ಲಿ ಅಲ್ಲಿರಲಿಲ್ಲ. ಕೆಲವು ದಿನಗಳ ಹಿಂದೆಯೇ, ತನ್ನ ಬಿಳಿಯ ಮೈಬಣ್ಣದ ಮರೆಯಲ್ಲಿ, ಕಾವಲುಗಾರರ ಕಣ್ಣೆದುರಿನಲ್ಲೇ ಊರಿನಿಂದ ಪಾರಾಗಿದ್ದನು. ಕಟ್ಟಡ ಕರಕಲಾದ ಮೇಲೆ, ಸುಟ್ಟವರು ಬಂದೂಕುಗಳನ್ನು ಹಿಡಿದು ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡರು. ಅದು ಇಂದಿಗೂ ಇದೆ. ಕೋಟು, ಹ್ಯಾಟು ಧರಿಸಿದವರು. ಮದುವೆಯ ಮನೆಯ ಮುಂದೆ ನಿಂತಂತೆ ಕ್ಯಾಮೆರಾದ ಕಡೆ ನೋಡುತ್ತಿದ್ದಾರೆ.

ಅಲ್ಲಿಂದ ಮುಂದಿನದನ್ನು ವಿಸ್ತರಿಸಲು ನನಗೆ ಮನಸ್ಸಿಲ್ಲ. ಬೆಳಗಿನ ಹನ್ನೊಂದರ ಸುಮಾರಿಗೆ ಬ್ರೂಕ್ಲಿನ್ ಎಂಬ ಕೇರಿಯಲ್ಲಿ, ನಾಲ್ಕನೆಯ ಬೀದಿ ಹಾರ್ನೆಟ್ ಬೀದಿಯನ್ನು ಕೂಡುವಲ್ಲಿ, ಗುಂಡು ಹಾರಿತು. ಅದೇ ವರ್ಷ ಸ್ಪೇನಿನ ಯುದ್ಧಕ್ಕೆಂದು ಸೇರಿಸಿಕೊಂಡಿದ್ದ ಸ್ಥಳೀಯ ಪದಾತಿ ದಳವೂ ನೌಕಾ ದಳವೂ ಯಾಂತ್ರಿಕ ಬಂದೂಕುಗಳೊಡನೆ ಬಂದು ಕರಿಯರ ಕೇರಿಗಳಲ್ಲಿ ತಿರುಗಿದವು. ಹೆಂಗಸರೂ ಮಕ್ಕಳೂ ಊರಾಚೆಯ ಜೌಗು ಕಾಡಿಗೂ ಪೈನ್ ಫಾರೆಸ್ಟ್ ಎಂಬ ರುದ್ರಭೂಮಿಗೂ ಓಡಿ, ನವೆಂಬರಿನ ಚಳಿಯಲ್ಲಿ ರಾತ್ರಿಗಳನ್ನು ಕಳೆದರು. ಸತ್ತವರೆಷ್ಟು? ದಾಖಲೆಗಳನ್ನು ಜಾಲಾಡಿದವರು 14ಕ್ಕೆ ಕಡಿಮೆಯಿಲ್ಲ, 60ರವರೆಗೂ ಇರಬಹುದು ಎನ್ನುತ್ತಾರೆ. ಕರಿಯರ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ನೆನಪಿನಲ್ಲಿ ಆ ಸಂಖ್ಯೆ ನೂರಾರು. ಬಿಳಿಯರಲ್ಲಿ ಗಾಯಗೊಂಡವರುಂಟು, ಸತ್ತವರಿಲ್ಲ.

ಸಂಜೆ ನಾಲ್ಕು ಗಂಟೆಗೆ ಮೇಯರನ್ನೂ ಸದಸ್ಯರನ್ನೂ ಬಂದೂಕುಗಳ ನಡುವೆ ಸಭೆ ಸೇರಿಸಿದರು. ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ಒಬ್ಬ ಎದ್ದುಹೋದಂತೆ ಆ ಸ್ಥಾನಕ್ಕೆ ತಮ್ಮವನೊಬ್ಬನನ್ನು ಆರಿಸಿ ಕೂರಿಸಿದರು. ಕಾರ್ಯಕಲಾಪಗಳೆಲ್ಲ ನಿಯಮಬದ್ಧವಾಗಿ ಪುಸ್ತಕದಲ್ಲಿ ದಾಖಲಾದವು. ವ್ಯಾಡೆಲ್ ಮೇಯರನಾದನು. ಮಾರನೆಯ ದಿನ ವರ್ತಕ ಥಾಮಸ್ ಮಿಲ್ಲರನನ್ನೂ, ಅವನಂಥ ಇತರ ಕರಿಯ ಗಣ್ಯರನ್ನೂ, ಅವರ ಜೊತೆಗೂಡಿದ್ದ ಪೋಲೀಸು ಮುಖ್ಯಸ್ಥ ಮೆಲ್ಟನ್ ಮೊದಲಾದ ಬಿಳಿಯರನ್ನೂ ರೈಲಿಗೆ ಹತ್ತಿಸಿ, ಮತ್ತೆ ಬಂದರೆ ಬದುಕಿಲ್ಲವೆಂದು ಹೇಳಿ ಕಳುಹಿಸಿದರು. ಮಿಲ್ಲರನಿಗೆ ಸಾಲ ತೀರಿಸಬೇಕಾಗಿದ್ದವರು ಆ ಗುಂಪಿನಲ್ಲಿ ಎಷ್ಟು ಮಂದಿ ಇದ್ದರೋ!

ನವೆಂಬರ್ 13ರ ತಾರೀಕಿನ ಒಂದು ಪತ್ರ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಗಳಲ್ಲಿ ಉಳಿದಿದೆ. ವಿಲ್ಮಿಂಗ್ಟನ್ನಿನ ಕರಿಯ ಹೆಂಗಸೊಬ್ಬಳು ಅಧ್ಯಕ್ಷ ಮೆಕಿನ್ಲಿಗೆ ಬರೆದದ್ದು. ನಮ್ಮನ್ನು ಕಾಯಲು ಸೇನೆಯನ್ನು ಏಕೆ ಕಳುಹಿಸಲಿಲ್ಲವೆಂದು ಅವಳು ಕೇಳುತ್ತಾಳೆ. ಹೆಸರು ಬರೆದರೆ ತಾನು ಉಳಿಯುವುದಿಲ್ಲ, ಆದರೆ ಇದರ ಒಂದೊಂದು ಮಾತೂ ನಿಜ ಎನ್ನುತ್ತಾಳೆ. ಅಧ್ಯಕ್ಷನು ಏನೂ ಮಾಡಲಿಲ್ಲ. ಗವರ್ನರ್ ಕೇಳದೆ ಸೇನೆ ಕಳುಹಿಸಲಾಗದೆಂಬುದು ಸರ್ಕಾರದ ನಿಲುವು. ಆ ಗವರ್ನರನೋ, ಮತ ಹಾಕಿ ರೈಲಿನಲ್ಲಿ ಮರಳುವಾಗ ಕೆಂಪಂಗಿಯವರಿಗೆ ಹೆದರಿ ಸಾಮಾನಿನ ಡಬ್ಬಿಯಲ್ಲಿ ಅಡಗಿ ಪ್ರಾಣ ಉಳಿಸಿಕೊಂಡಿದ್ದವನು. ಒಬ್ಬನೂ ಶಿಕ್ಷೆಗೆ ಗುರಿಯಾಗಲಿಲ್ಲ.

ಆ ಹೆಂಗಸಿನ ಪತ್ರ ಕಡತ ಸೇರಿದ ಹೊತ್ತಿಗೆ ವ್ಯಾಡೆಲನ ಬರೆಹ ಓದುಗರ ಕೈ ಸೇರಿತು. ನವೆಂಬರ್ 26ರ ‘ಕಾಲಿಯರ್ಸ್ ವೀಕ್ಲಿ’ ಎಂಬ ಹೆಸರಾಂತ ವಾರಪತ್ರಿಕೆಯಲ್ಲಿ ಅವನ ಲೇಖನ ಬಂತು. ತಲೆಬರೆಹದಲ್ಲಿಯೇ ‘ಜನಾಂಗ ದೊಂಬಿ’ ಎಂಬ ಮಾತು. ಮುಖಪುಟದಲ್ಲಿ ಬಂದೂಕು ಹಿಡಿದು ಮೇಲೇರಿ ಬರುತ್ತಿರುವ ಕರಿಯರ ಚಿತ್ರ! ಬೆಂಕಿ ಆಕಸ್ಮಿಕ, ಅಧಿಕಾರ ಬದಲಾದದ್ದು ಸಕ್ರಮ, ತಾನು ಶಾಂತಿಪಾಲಕ: ಇದು ಅವನ ನಿರೂಪಣೆ. ಹೀಗೆ ಈ ಘಟನೆಗೆ ಹೆಸರಿಟ್ಟವನು ಅದನ್ನು ಮಾಡಿದವನೇ. ಎರಡು ವರ್ಷಗಳೊಳಗೆ, 1900ರಲ್ಲಿ, ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದು, ಓದು ಬರಹದ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಮಾತ್ರ ಮತವೆಂದು ವಿಧಿಸಿದರು. ತಾತನ ಕಾಲದಲ್ಲಿ ಮತವಿದ್ದವರಿಗೆ ವಿನಾಯಿತಿ. ಕರಿಯನ ತಾತ ಗುಲಾಮ, ಅವನಿಗೆ ಮತವೆಲ್ಲಿಯದು? 1896ರಲ್ಲಿ ಆ ರಾಜ್ಯದಲ್ಲಿ ಒಂದು ಲಕ್ಷ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಕರಿಯ ಮತದಾರರಿದ್ದರು. 1902ರಲ್ಲಿ ಉಳಿದವರು ಆರು ಸಾವಿರದಷ್ಟು. ಕಾಂಗ್ರೆಸ್ಸಿನಲ್ಲಿ ಉಳಿದಿದ್ದ ಕೊನೆಯ ಕರಿಯ ಸದಸ್ಯ ಜಾರ್ಜ್ ವೈಟ್ ಇದೇ ರಾಜ್ಯದವನು. 1901ರಲ್ಲಿ ಅವನೂ ಹೊರಬಂದನು. ನಾರ್ತ್ ಕೆರೊಲಿನದಿಂದ ಇನ್ನೊಬ್ಬ ಕರಿಯ ಪ್ರತಿನಿಧಿ ಆಯ್ಕೆಯಾದದ್ದು 1992ರಲ್ಲಿ.

ಸಾಹಿತ್ಯಾಸಕ್ತರಿಗೆ ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಚಾರ್ಲ್ಸ್ ಚೆಸ್ನಟ್ ಎಂಬ ಕರಿಯ ಲೇಖಕ ಅದೇ ರಾಜ್ಯದ ಫೆಯೆಟ್‌ವಿಲ್ಲಿನಲ್ಲಿ ಬೆಳೆದವನು. ಕ್ಲೀವ್‌ಲೆಂಡಿನಲ್ಲಿ ಶೀಘ್ರಲಿಪಿಯ ಕಚೇರಿ ಇಟ್ಟುಕೊಂಡು ಕಥೆಗಳಿಂದ ಹೆಸರು ಮಾಡಿ, ಬರೆವಣಿಗೆಯನ್ನೇ ವೃತ್ತಿಯಾಗಿ ನಂಬಿದ್ದ ಕಾಲ. ಆತ 1901ರಲ್ಲಿ ವಿಲ್ಮಿಂಗ್ಟನ್ನಿಗೆ ಹೋಗಿ ಬಂದು ‘ದಿ ಮ್ಯಾರೋ ಆಫ್ ಟ್ರೆಡಿಷನ್’ ಎಂಬ ಕಾದಂಬರಿಯನ್ನು ಅದೇ ವರ್ಷ ಪ್ರಕಟಿಸಿದನು. ಅದರಲ್ಲಿ ಊರಿನ ಹೆಸರು ವೆಲ್ಲಿಂಗ್ಟನ್. ಸಂಚು ರೂಪುಗೊಳ್ಳುವುದು ಒಂದು ಪತ್ರಿಕಾ ಕಚೇರಿಯಲ್ಲಿ, ಕಾರ್ಟರೆಟ್ ಎಂಬ ಸಂಪಾದಕನ ಮೇಜಿನ ಸುತ್ತ. ಅವನು ರಾಕ್ಷಸನಲ್ಲ, ಹೆಂಡತಿಯನ್ನು ಪ್ರೀತಿಸುವ, ಎಳೆಯ ಮಗನಿಗಾಗಿ ಮಿಡಿಯುವ ಗೃಹಸ್ಥ. ಅವನ ಹೆಂಡತಿಗೂ ಊರಿನ ಕರಿಯ ವೈದ್ಯ ಮಿಲ್ಲರನ ಹೆಂಡತಿಗೂ ತಂದೆ ಒಬ್ಬನೇ. ಆ ಸಂಬಂಧವನ್ನು ಬಿಳಿಯ ಮನೆ ಒಪ್ಪುವುದಿಲ್ಲ. ತಾನು ಕೆರಳಿಸಿದ ಗುಂಪು ತನ್ನ ಮಾತು ಮೀರಿ ಹೋದ ದಿನವೇ ಕಾರ್ಟರೆಟನ ಮಗು ಸಾವಿನ ಅಂಚಿಗೆ ಬರುತ್ತದೆ. ಉಳಿಸಬಲ್ಲ ವೈದ್ಯ ಆ ಕರಿಯನೊಬ್ಬನೇ. ಅವನ ಮನೆಯಲ್ಲಿ ಗುಂಡಿಗೆ ಬಲಿಯಾದ ಅವನ ಸ್ವಂತ ಮಗನ ಶವವಿದೆ. ತಂಗಿಯೆಂದು ಒಪ್ಪಿಕೊಳ್ಳುತ್ತೇನೆಂದು ಬೇಡಿಬಂದ ಅಕ್ಕನ ಆ ಒಪ್ಪಿಗೆಯನ್ನು ಆ ತಾಯಿ ತಿರಸ್ಕರಿಸುತ್ತಾಳೆ, ಆದರೆ ಗಂಡನನ್ನು ಕಳುಹಿಸುತ್ತಾಳೆ. ವೈದ್ಯನು ಮೆಟ್ಟಿಲು ಹತ್ತುವಲ್ಲಿ ಕಾದಂಬರಿ ನಿಲ್ಲುತ್ತದೆ. ಮಗು ಉಳಿಯಿತೆ ಎಂಬುದನ್ನು ಹೇಳುವುದಿಲ್ಲ.

ಈ ಕೃತಿಯನ್ನು ಕೊಂಡವರು ಕಡಿಮೆ. ಅದುವರೆಗೆ ಚೆಸ್ನಟ್ಟನನ್ನು ಮೆಚ್ಚುತ್ತಿದ್ದ ಹಿರಿಯ ವಿಮರ್ಶಕ ಹೋವೆಲ್ಸ್ ಇದು ಬಹಳ ಕಹಿಯಾಗಿದೆಯೆಂದನು. ಚೆಸ್ನಟ್ ಶೀಘ್ರಲಿಪಿಯ ಕಚೇರಿಗೆ ಹಿಂತಿರುಗಿದನು. ಮರುವರ್ಷ, 1902ರಲ್ಲಿ, ಅದೇ ರಾಜ್ಯದ ಥಾಮಸ್ ಡಿಕ್ಸನ್ ಎಂಬಾತ ‘ದಿ ಲೆಪರ್ಡ್ಸ್ ಸ್ಪಾಟ್ಸ್’ ಎಂಬ ಕಾದಂಬರಿಯಲ್ಲಿ 1898ರ ಈ ವಿಜಯವನ್ನು ಬಿಳಿಯರ ಪುನರುತ್ಥಾನವೆಂದು ಕೊಂಡಾಡಿದನು. ಅದು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅವನ ಅನಂತರದ ಇನ್ನೊಂದು ಕಾದಂಬರಿಯಿಂದಲೇ 1915ರಲ್ಲಿ ‘ಬರ್ತ್ ಆಫ್ ಎ ನೇಷನ್’ ಎಂಬ ಪ್ರಸಿದ್ಧ ಮೂಕಿ ಚಿತ್ರ ಹುಟ್ಟಿತು. ಸತ್ಯವಾದ ಕೃತಿಯೇ ಉತ್ತಮ ಕೃತಿಯೂ ಆಗಿದ್ದರೂ ಗೆಲುವು ಇನ್ನೊಂದರದಾಯಿತು. ಶುದ್ಧ ಕಲಾದೃಷ್ಟಿಯಿಂದ ಚೆಸ್ನಟ್ಟನ ಕಥೆಯಲ್ಲಿ ಕಾಕತಾಳೀಯಗಳು ಹೆಚ್ಚೆಂದು ಹೇಳುವುದುಂಟು. ಇರಬಹುದು. ವಿಲ್ಮಿಂಗ್ಟನ್ನಿನ ನಿಜಕಥೆಯಲ್ಲಿರುವಷ್ಟು ಅಲ್ಲಿಲ್ಲ.

ಸಂಚಿನ ವಿವರಗಳು ನಮಗೆ ತಿಳಿದದ್ದು ಬಹುಪಾಲು ಅದನ್ನು ಮಾಡಿದವರ ಬಾಯಿಂದಲೇ. 1936ರಲ್ಲಿ ಹ್ಯಾರಿ ಹೇಡನ್ ಎಂಬಾತ ಆ ಒಂಬತ್ತು ಮಂದಿಯ ಹೆಸರುಗಳನ್ನು ಹೆಮ್ಮೆಯಿಂದಲೇ ಒಂದು ಕಿರುಹೊತ್ತಗೆಯಲ್ಲಿ ಅಚ್ಚು ಹಾಕಿದನು. ಅವಮಾನ ಪಟ್ಟ ಬಿಳಿಯರೂ ಇದ್ದರು. ಜೇನ್ ಕ್ರಾನ್ಲಿ ಎಂಬ ಮಹಿಳೆ ಆ ದಿನದ ಅನ್ಯಾಯವನ್ನು ಬರೆದಿಟ್ಟಳು, ಅಚ್ಚಿಗೆ ಮಾತ್ರ ಕೊಡಲಿಲ್ಲ. 1951ರಲ್ಲಿ ಹೆಲೆನ್ ಎಡ್ಮಂಡ್ಸ್ ಎಂಬ ಕರಿಯ ಇತಿಹಾಸಕಾರ್ತಿ ಇದು ಯೋಜಿತ ಕೃತ್ಯವೆಂದು ಆಧಾರ ಸಹಿತ ತೋರಿಸಿದಳು. ರಾಜ್ಯದ ಶಾಸನಸಭೆ ಒಂದು ಆಯೋಗವನ್ನು ನೇಮಿಸಿದ್ದು 2000ದಲ್ಲಿ; ವರದಿ ಬಂದದ್ದು 2006ರಲ್ಲಿ. ಚುನಾಯಿತ ಸರ್ಕಾರವನ್ನು ಸಶಸ್ತ್ರವಾಗಿ ಉರುಳಿಸಿದ ಕಾರ್ಯವೆಂದು ವರದಿ ಹೇಳಿತು; ಆದರೆ ಅದರ ರಟ್ಟಿನ ಮೇಲೆ ಅಚ್ಚಾಗಿದ್ದುದು ‘ದೊಂಬಿ’ ಎಂಬ ಹಳೆಯ ಪದವೇ. ಅದೇ ವರ್ಷ ‘ನ್ಯೂಸ್ ಅಂಡ್ ಅಬ್ಸರ್ವರ್’ ಒಂದು ವಿಶೇಷ ಪುರವಣಿ ಹೊರಡಿಸಿ ತನ್ನ ಪಾತ್ರಕ್ಕಾಗಿ ಕ್ಷಮೆ ಕೇಳಿತು. ಶಸ್ತ್ರಾಗಾರದ ಬಳಿ ರಾಜ್ಯ ಸರ್ಕಾರದ ಫಲಕ ನಿಂತದ್ದು 2019ರಲ್ಲಿ. ಅದರಲ್ಲಿ ದೊಂಬಿಯ ಬದಲು, ಬಲಾತ್ಕಾರದಿಂದ ಅಧಿಕಾರ ಕಿತ್ತುಕೊಳ್ಳುವುದು ಎಂಬರ್ಥದ ಪದವಿದೆ. ನೂರ ಇಪ್ಪತ್ತೊಂದು ವರ್ಷ ಬೇಕಾಯಿತು, ಒಂದು ಪದವನ್ನು ತಿದ್ದುವುದಕ್ಕೆ. 2021ರ ನವೆಂಬರಿನಲ್ಲಿ, ಅಂದು ಸತ್ತವರಲ್ಲೊಬ್ಬನಾದ ಜೋಷುವ ಹಾಲ್ಸಿ ಎಂಬಾತನ ಗುರುತಿಲ್ಲದ ಸಮಾಧಿಯನ್ನು ಪೈನ್ ಫಾರೆಸ್ಟ್ ರುದ್ರಭೂಮಿಯಲ್ಲಿ ಪತ್ತೆ ಮಾಡಿ, ಅವನ ವಂಶದವರ ಎದುರಿನಲ್ಲಿ ಅಂತ್ಯಸಂಸ್ಕಾರದ ವಿಧಿಯನ್ನು ನಡೆಸಿದರು.

ಮ್ಯಾನ್ಲಿ ಫಿಲಡೆಲ್ಫಿಯದಲ್ಲಿ ಮನೆಗಳಿಗೆ ಬಣ್ಣ ಬಳಿಯುವ ವೃತ್ತಿ ಹಿಡಿದು, 1944ರಲ್ಲಿ ತೀರಿಕೊಂಡನು. ಅವನ ಸಂಪಾದಕೀಯ ನಮಗೆ ಓದಲು ದೊರೆತಿರುವುದು, ಅವನನ್ನು ನಾಶಮಾಡಲೆಂದು ವಿರೋಧಿಗಳು ಅದನ್ನು ಅಷ್ಟು ಸಲ ಅಚ್ಚು ಮಾಡಿದ್ದರಿಂದ. ‘ಡೈಲಿ ರೆಕಾರ್ಡ್’ನ ಪ್ರತಿಗಳೇ ಉಳಿದಿಲ್ಲವೆಂದು ಬಹುಕಾಲ ನಂಬಲಾಗಿತ್ತು. ಈಚಿನ ವರ್ಷಗಳಲ್ಲಿ ಅಲ್ಲಿನ ಕೆಲವು ಆಸಕ್ತರು ಹುಡುಕಿ ಏಳು ಸಂಚಿಕೆಗಳನ್ನು ಕಲೆಹಾಕಿದರು. ಅಂಚು ಹರಿದು ಮಸಿ ಮಸುಕಾದ ಆ ಹಾಳೆಗಳನ್ನು ಓದಿ, ಅಕ್ಷರ ಅಕ್ಷರವಾಗಿ ಪ್ರತಿ ಮಾಡಿಕೊಟ್ಟವರು ವಿಲ್ಮಿಂಗ್ಟನ್ನಿನ ಶಾಲಾ ಮಕ್ಕಳು.